ಪ್ಯಾಕೇಜ್ ಎಷ್ಟು ತಮಾ?

ಮೊನ್ನೆ ಸಾಗರದಲ್ಲೊಂದು ಮದುವೆಯೂಟ. ನನ್ನ ಪಕ್ಕ ಕೂತವ ಸಿವಿಲ್ ಇಂಜಿನಿಯರ್. ಆಚೆ ಬದಿಯ ಹೆಗಡೇರು ಕೋಸಂಬರಿ ಬಡಿಸುವಾಗಲೇ ಕೇಳಿದರು, “ಪ್ಯಾಕೇಜ್ ಎಷ್ಟು ತಮಾ?”

“ತಿಂಗಳಿಗೆ 18 ಸಾವಿರ.”

“ಇವನಿಗೆ ಇನ್ನೊಂದು ಹೋಳಿಗೆ ಹಾಕ್ರೋ!”

ಹೆಗಡೇರು ಬಂದಿದ್ದು ತುಮರಿಯಿಂದ. ಶರಾವತಿ ಹಿನ್ನೀರಲ್ಲಿ ಅರ್ಧ ಆಯಸ್ಸು ಲಾಂಚ್ ಕಾದವರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದಮೇಲೆ ಕಾರಲ್ಲೇ ಬರುತ್ತಾರೆ. ಆ ಸೇತುವೆಯನ್ನು ಯಾವ ಆ್ಯಪ್‌ನಿಂದ ಇಳಿಸಿಕೊಂಡರೋ ಕೇಳಬೇಕಿತ್ತು.

ಹಾಗೆ ನೋಡಿದರೆ ನಮ್ಮ ಕಡೆ ನಿಜವಾದ ಪ್ಯಾಕೇಜ್ ಇರುವುದು ಅಡಿಕೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡನಿಗೆ. ಮೂರನೇ ಸಲಕ್ಕೆ ಫೋನ್ ಎತ್ತಿ “ಮುಂದಿನ ವಾರ ನೋಡಾಣ” ಅನ್ನುತ್ತಾನೆ. ನಾವೇ ಬೈಕಲ್ಲಿ ಹೋಗಿ ಕರೆತಂದು, ದೋಸೆ ಚಾ ಕೊಟ್ಟು, ಕೊಳೆರೋಗದ ಮದ್ದು ಬೋರ್ಡೋ ಕಲಸಿಟ್ಟು, ಮರದ ಬುಡದಲ್ಲಿ ಕತ್ತೆತ್ತಿ ನಿಲ್ಲಬೇಕು. ಕೊಡೋಣ ಬಿಡಿ, ಜೀವ ಕೈಯಲ್ಲಿ ಹಿಡಿದು ಮರದಿಂದ ಮರಕ್ಕೆ ಜೀಕುವವನು. ಅಡಿಕೆ ಮರ ಎಷ್ಟು ಬಾಗಿದರೆ ಮುರಿಯುತ್ತದೆ ಅನ್ನುವುದು ಅವನ ತೊಡೆಗೇ ಗೊತ್ತು. ಪಕ್ಕದ ಹುಡುಗ ಅದನ್ನೇ ನಾಲ್ಕು ವರ್ಷ ಫೀಸು ಕಟ್ಟಿ ಕಲಿತಿದ್ದು.

ಸಾಫ್ಟ್‌ವೇರಿನ ಹಂಚೂ ಈಗ ಸೋರುತ್ತಿದೆ. 2024ರಲ್ಲಿ ಕಂಪನಿಯೊಂದು ಹೊಸ ಪದವೀಧರರಿಗೆ ವರ್ಷಕ್ಕೆ 2.52 ಲಕ್ಷ ಅಂದಿತಲ್ಲ, ಅಂದರೆ ತಿಂಗಳಿಗೆ 21 ಸಾವಿರ. ಬೆಂಗಳೂರಿನ ಪಿಜಿಗೆ ಕೊಟ್ಟು ಊರಿನ ಬಸ್ ಚಾರ್ಜ್ ಉಳಿದರೆ ಪುಣ್ಯ. ಆದರೂ ಕೊರಳಲ್ಲಿ ಐಡಿ ಕಾರ್ಡ್ ತೂಗಿದರೆ ಜಾತಕ ತಾನಾಗಿ ಕೂಡುತ್ತದೆ.

ಸೆಪ್ಟೆಂಬರ್ 15ರ ಇಂಜಿನಿಯರ್ಸ್ ಡೇ ಬಂದರೆ ಮಾತ್ರ ವಿಶ್ವೇಶ್ವರಯ್ಯನವರ ಪೇಟಕ್ಕೆ ಹಾರ, ವಾಟ್ಸಾಪ್ ಸ್ಟೇಟಸ್ಸು. ಅದೇ ಕೈ ಮಗನ ಸಿಇಟಿ ಆಪ್ಷನ್‌ನಲ್ಲಿ ಸಿವಿಲ್ಲನ್ನು ಮುಟ್ಟುವುದಿಲ್ಲ. ವಿಶ್ವೇಶ್ವರಯ್ಯನವರು ಬೆಳೆಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರ ಜನವರಿ. ಮುಚ್ಚುತ್ತೇವೆ ಅಂದಿದ್ದು 2023ರ ಜನವರಿ. ಶತಮಾನೋತ್ಸವ ಅಂದರೆ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂರುವುದು. ತಮಾಷೆ ಮಾಡುವುದೂ ಸಾಕಾಗಿದೆ. ಆಗುಂಬೆ ಮಳೆಯಲ್ಲಿ ನಿಂತು ಕಾಂಕ್ರೀಟ್ ಕಾಯುವವನಿಗೆ 18 ಸಾವಿರ, ನಾಳೆ ಬಿರುಕು ಬಿಟ್ಟರೆ ಊರೆಲ್ಲ ಬೈಯುವುದೂ ಅವನನ್ನೇ.

ಅಷ್ಟರಲ್ಲಿ ಹುಡುಗನ ಫೋನ್ ಹೊಡೆದುಕೊಂಡಿತು. ಸೈಟಿಗೆ ಲಾರಿ ಬಂದಿದೆಯಂತೆ. ಪಂಕ್ತಿ ಏಳುವ ಮೊದಲೇ, ಎರಡನೇ ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದ.

“ಪಾಪ, ಕೋಡಿಂಗಾದ್ರೂ ಕಲೀಬಹುದಿತ್ತು,” ಅಂದ ಹೆಗಡೇರು ನನ್ನ ಕಡೆ ವಾಲಿ ದನಿ ತಗ್ಗಿಸಿದರು, “ನಿಮ್ಮ ಗುರ್ತಿನ ಕೊನೆಗೌಡ ಯಾರಾದ್ರೂ ಇದ್ದಾರಾ ಮಾರಾಯ್ರೇ?”