ಬೆಲ್ ಬಾಟಮ್ ಬರುತ್ತಿದೆ, ದಾರಿ ಬಿಡಿ

ಹಾಸನದ ಅರವತ್ತು ದಾಟಿದ ಗಂಡಸರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಚೆಗೆ ಹೇಮಾವತಿಯ ನೀರಿನ ಮಟ್ಟವನ್ನೂ ಕಾಳುಮೆಣಸಿನ ದರವನ್ನೂ ಕೇಳುವವರಿಲ್ಲ. ಎಲ್ಲರೂ ಹಾಕುತ್ತಿರುವುದು ಒಂದೇ ಬಗೆಯ ಫೋಟೋ. 1975ರ ಸುಮಾರಿಗೆ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಪರದೆಯ ಮೇಲೆ ಬರೆದ ಸರೋವರ, ಮುಂದೆ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟ ತರುಣ, ಅವನ ಚಪ್ಪಲಿಯನ್ನು ಪೂರ್ತಿ ನುಂಗಿ ನಿಂತಿರುವ ಬೆಲ್ ಬಾಟಮ್ ಪ್ಯಾಂಟು. ಕೆಳಗೆ ಒಕ್ಕಣೆ: ‘ಗತವೈಭವ ಮರಳಲಿದೆ!’ ಈ ಜಿಲ್ಲೆಯಲ್ಲಿ ಗತವೈಭವವೆಂದರೆ ಹೊಯ್ಸಳರದು ಎಂದೇ ನಾವು ಇದುವರೆಗೆ ತಿಳಿದಿದ್ದೆವು.

ಆ ವೈಭವವನ್ನು ಸ್ವಲ್ಪ ಬಿಚ್ಚಿ ನೋಡೋಣ. ಈ ಪ್ಯಾಂಟು ಹಡಗಿನಿಂದ ಇಳಿದು ಬಂದದ್ದು. ನೆಲ ತೊಳೆಯುವಾಗ ಮೊಣಕಾಲಿನ ಮೇಲಕ್ಕೆ ಸಲೀಸಾಗಿ ಮಡಚಿಕೊಳ್ಳಲೆಂದು ನಾವಿಕರು ಅದರ ಬುಡವನ್ನು ಅಗಲ ಬಿಟ್ಟರಂತೆ. ಸಮುದ್ರವಿಲ್ಲದ ಹಾಸನಕ್ಕೆ ಅದು ಬರುವ ಹೊತ್ತಿಗೆ ಮಡಚುವ ಪದ್ಧತಿ ಘಟ್ಟದ ಕೆಳಗೇ ಉಳಿಯಿತು, ನೆಲ ತೊಳೆಯುವ ಕೆಲಸ ಮಾತ್ರ ಘಟ್ಟ ಹತ್ತಿತು. ಮಳೆಗಾಲದಲ್ಲಿ ಸಕಲೇಶಪುರದ ರಸ್ತೆಯ ಕೆಸರನ್ನೆಲ್ಲ ಕಾಲೇಜು ಹುಡುಗರು ಪ್ಯಾಂಟಿನಲ್ಲೇ ಒರೆಸಿ ಮನೆಗೆ ಒಯ್ಯುತ್ತಿದ್ದರು. ಅಂಚು ಸವೆಯಬಾರದೆಂದು ಬುಡದ ಸುತ್ತ ಲೋಹದ ಜಿಪ್ ಹೊಲಿಸುವುದು ಬಂತು. ಮುಂಭಾಗದ ಜಿಪ್ ಮದುವೆ ಮನೆಯಲ್ಲೇ ಕೈಕೊಡುತ್ತಿತ್ತು. ಯಾವ ಕೆಲಸವೂ ಇಲ್ಲದ ಕೆಳಗಿನ ಜಿಪ್ ಎಂದೂ ಕೆಡಲಿಲ್ಲ. ಬಟ್ಟೆಯೋ, ಗಾಳಿಯಾಡದ ಪಾಲಿಯೆಸ್ಟರ್. ಮೊಣಕಾಲಿನ ಕೆಳಗೆ ಗಾಳಿ ಧಾರಾಳ, ಮೇಲೆ ರಕ್ತಕ್ಕೂ ದಾರಿಯಿಲ್ಲ.

ಅದನ್ನೇ ತೊಟ್ಟು ಕಾಫಿ ತೋಟಕ್ಕೆ ಇಳಿದವರದು ಬೇರೆಯೇ ಕಥೆ. ಇಪ್ಪತ್ತಾರು ಇಂಚಿನ ಬಾಗಿಲನ್ನು ಹಾರುಹೊಡೆದು ನಿಂತವರ ಒಳಗೆ ಬರಲು ರಕ್ತ ಹೀರುವ ಇಂಬಳಗಳು, ಅಂದರೆ ಜಿಗಣೆಗಳು, ಅಪ್ಪಣೆ ಕೇಳುತ್ತವೆಯೇ? ಆ ಪ್ಯಾಂಟಿಗಾಗಿ ಪ್ರಾಮಾಣಿಕವಾಗಿ ನಿಟ್ಟುಸಿರು ಬಿಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಬಿಸಿಲೆ ಘಾಟಿಯ ಇಂಬಳಗಳಿಗೆ.

‘ನಿನ್ನ ಒಂದು ಕಾಲಿನ ಬಟ್ಟೆಯಲ್ಲಿ ತಮ್ಮನಿಗೆ ಎರಡು ಚಡ್ಡಿ ಹೊಲಿಸಬಹುದಿತ್ತಲ್ಲೋ’ ಎಂದು ಅಂದಿನ ಅಪ್ಪಂದಿರು ಗದರಿದರು. ಆ ಗದರಿಕೆ ಕೇಳಿ ಮುಖ ಊದಿಸಿಕೊಂಡವರೇ ತೊಂಬತ್ತರ ದಶಕದಲ್ಲಿ ಮಗ ಬ್ಯಾಗಿ ಪ್ಯಾಂಟು ತೊಟ್ಟಾಗ ಗೋಣಿಚೀಲ ಎಂದರು. ಲೋ ವೇಸ್ಟ್ ಬಂದಾಗ, ಸೊಂಟದಲ್ಲಿ ನಿಲ್ಲದ್ದೂ ಒಂದು ಪ್ಯಾಂಟೇ ಎಂದರು. ಕಾಲಿಗೆ ಅಂಟುವ ಸ್ಕಿನ್ನಿ ಬಂದಾಗ, ಹಾಕಿಕೊಳ್ಳಲು ಹರಳೆಣ್ಣೆ ಬೇಕೇ ಎಂದರು. ಈಗ ಮೊಮ್ಮಗ ಮತ್ತೆ ದೊಗಳೆ ಜೀನ್ಸ್ ತೊಟ್ಟು ಮಹಾವೀರ ವೃತ್ತವನ್ನು ಗುಡಿಸುತ್ತ ಬರುತ್ತಾನೆ. ತಾತ ಕನ್ನಡಕ ಏರಿಸಿ, ‘ಥೂ, ಇದೇನು ಅವತಾರ! ನಮ್ಮ ಕಾಲದ ಬೆಲ್ ಬಾಟಮ್‌ಗೆ ಒಂದು ಗತ್ತಿತ್ತು’ ಎನ್ನುತ್ತಾರೆ. ಈ ಜಗಳದ ಗೊಡವೆಯೇ ಇಲ್ಲದೆ ಸಾವಿರ ವರ್ಷ ನೆಮ್ಮದಿಯಾಗಿ ನಿಂತವನು ಜಿಲ್ಲೆಯಲ್ಲಿ ಶ್ರವಣಬೆಳಗೊಳದ ಗೊಮ್ಮಟನೊಬ್ಬನೇ.

ಇನ್ನು ಹಣದ ಮಾತು. 1873ರಲ್ಲಿ ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಮತ್ತು ವ್ಯಾಪಾರಿ ಲೆವಿ ಸ್ಟ್ರಾಸ್, ಕಾರ್ಮಿಕರ ಪ್ಯಾಂಟು ಜೇಬಿನ ಬಳಿ ಹರಿಯಬಾರದೆಂದು ತಾಮ್ರದ ರಿವೆಟ್ ಬಡಿದು ಪೇಟೆಂಟ್ ಪಡೆದರು. ಈಗ ಅಂಗಡಿಯವನೇ ಮಂಡಿ ಹರಿದುಕೊಡುತ್ತಾನೆ, ಹರಿದದ್ದಕ್ಕೆ ಬೆಲೆಯೂ ಹೆಚ್ಚು. ರಿವೆಟ್ ಮಾತ್ರ ಇಂದಿಗೂ ಗಟ್ಟಿಯಾಗಿ ಕುಳಿತು ತನ್ನ ಕರ್ತವ್ಯ ಮಾಡುತ್ತಿದೆ, ಪಾಪ. ಈ ಎಲ್ಲ ಯುಗಾಂತರಗಳಲ್ಲೂ ತಪ್ಪದೆ ಗಳಿಸಿದವನೆಂದರೆ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನ ಆಲ್ಟ್ರೇಷನ್ ದರ್ಜಿ. ಮೊಣಕಾಲಿನ ಕೆಳಗೆ ತ್ರಿಕೋನದ ತುಂಡು ಸೇರಿಸಿ ಅಗಲ ಮಾಡಿದ್ದಕ್ಕೆ ಒಮ್ಮೆ ಕಾಸು, ಅದೇ ತುಂಡನ್ನು ಕತ್ತರಿಸಿ ಕಿರಿದು ಮಾಡಿದ್ದಕ್ಕೆ ಇನ್ನೊಮ್ಮೆ ಕಾಸು. ಅವನು ಯಾವ ಫ್ಯಾಷನ್ನಿಗೂ ‘ಚೆನ್ನಾಗಿಲ್ಲ’ ಎಂದವನಲ್ಲ.

ಗಂಡಸರು ಹೀಗೆ ಪುನರಾಗಮನಕ್ಕೆ ತೋರಣ ಕಟ್ಟಿಕೊಂಡು ಕಾಯುತ್ತಿರುವಾಗ, ಬರಬೇಕಾದ್ದು ಅವರ ಮನೆಯೊಳಗೇ ವರ್ಷಗಳಿಂದ ಓಡಾಡುತ್ತಿದೆ. ಹೆಂಗಸರು ಅದನ್ನು ಪಲಾಝೋ ಎಂದು ಕರೆದು, ತೊಟ್ಟು, ಹಾಲು ತಂದರು, ಬ್ಯಾಂಕಿಗೆ ಹೋದರು, ಮಳೆಯಲ್ಲಿ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬಸ್ಸು ಹತ್ತಿದರು. ಗತವೈಭವ ಎಂದು ಯಾರೂ ಫೋಟೋ ಹಾಕಲಿಲ್ಲ. ಸಾಲದೆಂಬಂತೆ ಸೊಂಟಕ್ಕೆ ಎಲಾಸ್ಟಿಕ್ ಬೇರೆ! ಐವತ್ತು ವರ್ಷದ ಹಿಂದೆ ಯಾವ ತರುಣನಿಗೂ ಹೊಳೆಯದ, ಇಂದು ಆ ಗುಂಪಿನ ಪ್ರತಿಯೊಬ್ಬ ಸದಸ್ಯರಿಗೂ ತುರ್ತಾಗಿ ಬೇಕಾಗಿರುವ ಸೌಲಭ್ಯ ಅದು. ಕಾಯುವ ತಾಳ್ಮೆ ಇಲ್ಲದ ಹಿರಿಯರು ಹೆಂಡತಿಯ ಬೀರು ತೆರೆದರೆ ಸಾಕು. ಕೇಳಿ ತೆರೆಯುವುದು ಕ್ಷೇಮ.