ದೋಹಾದ ರೆಫ್ರಿಯನ್ನು ಬಿಡಿ, ಗುವಾಹಟಿಯ ಲೆಕ್ಕ ಹೇಳಿ

ಕತಾರ್ ನಮ್ಮ ಮೇಲೆ ಹೊಡೆದ ಆ ಗೋಲಿನ ವಿಡಿಯೊ ಮತ್ತೆ ಹರಿದಾಡ್ತಾ ಇದೆ. ನೋಡದವರಿಗೆ ಚುಟುಕಾಗಿ ಹೇಳ್ತೀನಿ. 2024ರ ಜೂನ್ 11, ದೋಹಾ. 2026ರ ಫುಟ್‌ಬಾಲ್ ವಿಶ್ವಕಪ್ ಅರ್ಹತೆಯ ಎರಡನೇ ಸುತ್ತು, ಎ ಗುಂಪಿನಲ್ಲಿ ನಮ್ಮ ಕೊನೇ ಪಂದ್ಯ. ಚಾಂಗ್ಟೆ 37ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. 73ನೇ ನಿಮಿಷದಲ್ಲಿ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ತಡೆದ ಚೆಂಡು ಗೆರೆ ದಾಟಿ ಹೊರಗೆ ಹೋಯ್ತು. ನಮ್ಮ ಹುಡುಗರು ಆಟ ನಿಲ್ಲಿಸಿದರು. ಕತಾರಿನವನೊಬ್ಬ ಅದನ್ನು ಕಾಲಲ್ಲಿ ಒಳಗೆಳೆದ, ಯೂಸುಫ್ ಐಮನ್ ಬಲೆಗೆ ತಳ್ಳಿದ, ಕೊರಿಯಾದ ರೆಫ್ರಿ ಗೋಲು ಅಂದುಬಿಟ್ಟ. ವಿಡಿಯೊ ನೋಡಿ ತೀರ್ಪು ತಿದ್ದೋ ವಿಎಆರ್ ಆ ಸುತ್ತಿನಲ್ಲಿ ಇರಲಿಲ್ಲ. 85ಕ್ಕೆ ಇನ್ನೊಂದು ಬಿತ್ತು, 2-1ಕ್ಕೆ ಸೋತೆವು.

ಅನ್ಯಾಯ ಆಗಿದ್ದು ನಿಜ. ಆದರೆ "ಆ ಒಂದು ಗೋಲಿನಿಂದ ನಮ್ಮ ಕನಸು ಹೋಯ್ತು" ಅಂತ ವರ್ಷ ವರ್ಷ ಗೋಳಾಡೋದಕ್ಕೆ ಮಾತ್ರ ನನ್ನ ತಕರಾರಿದೆ. ಆ ಗುಂಪಿನ ಆರೂ ಪಂದ್ಯಗಳನ್ನು ಒಟ್ಟಿಗೆ ಇಟ್ಟು ನೋಡಿ.

ವಿಶ್ವಕಪ್‌ಗೆ 48 ತಂಡ ಅಂತ ಆದ ಮೇಲೆ ಏಷ್ಯಾಕ್ಕೆ ನೇರವಾಗಿ 8 ಸೀಟು ಸಿಕ್ಕಿತು. ಎರಡನೇ ಸುತ್ತಿನಲ್ಲಿ 36 ತಂಡ, ಒಂಬತ್ತು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಮುಂದಕ್ಕೆ. ಆ ಇಬ್ಬರಿಗೆ 2027ರ ಏಷ್ಯಾ ಕಪ್‌ ಟಿಕೆಟ್ಟೂ ಅಲ್ಲೇ ಖಾತ್ರಿ. ನಮ್ಮ ಪಾಲಿಗೆ ಬಂದವರು ಕತಾರ್, ಕುವೈತ್, ಅಫ್ಘಾನಿಸ್ತಾನ. ಕತಾರ್ ಮೊದಲ ಸ್ಥಾನ ಅಂತ ಎಲ್ಲರಿಗೂ ಗೊತ್ತಿತ್ತು. ಉಳಿದ ಒಂದು ಜಾಗಕ್ಕೆ ಕುವೈತ್ ಜೊತೆ ಪೈಪೋಟಿ. ಅದೇ ಕುವೈತನ್ನು 2023ರ ಜುಲೈನಲ್ಲಿ ನಮ್ಮ ಕಂಠೀರವದಲ್ಲೇ, ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿದ್ದೆವು. ನವೆಂಬರ್ 16ಕ್ಕೆ ಅವರ ಊರಿಗೇ ಹೋಗಿ ಮನ್ವೀರ್ ಸಿಂಗ್ ಗೋಲಿನಿಂದ 1-0 ಗೆದ್ದೆವು. ಇಷ್ಟು ಒಳ್ಳೆಯ ಡ್ರಾ, ಇಷ್ಟು ಒಳ್ಳೆಯ ಶುರು ಮತ್ತೆ ಯಾವಾಗ ಸಿಗುತ್ತೆ ಸ್ವಾಮಿ?

ಆಮೇಲೆ ಬಂದಿದ್ದು ಅಫ್ಘಾನಿಸ್ತಾನ. ಯಾವ ಅಫ್ಘಾನಿಸ್ತಾನ? ಕತಾರ್ ಕೈಲಿ 8-1 ತಿಂದವರು. ಫೆಡರೇಷನ್ ಜೊತೆ ಜಗಳ ಮಾಡಿಕೊಂಡು ಹಿರಿಯ ಆಟಗಾರರು ಹೊರಗೆ ಕೂತಿದ್ದ ತಂಡ. ತಮ್ಮ ದೇಶದಲ್ಲಿ ಆಡೋ ಹಾಗಿಲ್ಲ, "ತವರು" ಪಂದ್ಯವನ್ನು ಸೌದಿಯ ಅಭಾದಲ್ಲಿ ಆಡಿದರು. ಆಗ ಫಿಫಾ ಪಟ್ಟಿಯಲ್ಲಿ ನಾವು 117, ಅವರು 158. ಅಭಾದಲ್ಲಿ 0-0. ಐದು ದಿನದೊಳಗೆ ಗುವಾಹಟಿ, ಸುನಿಲ್ ಚೆಟ್ರಿಯ 150ನೇ ಪಂದ್ಯ. ಪೆನಾಲ್ಟಿಯಲ್ಲಿ ಚೆಟ್ರಿಯೇ ಗೋಲು ಹೊಡೆದು 70ನೇ ನಿಮಿಷದವರೆಗೂ ನಾವು ಮುಂದೆ. ಆಮೇಲೆ ಅಕ್ಬರಿ ಸಮ ಮಾಡಿದ. 88ನೇ ನಿಮಿಷದಲ್ಲಿ ಶರೀಫ್ ಮುಖಮ್ಮದ್ ಪೆನಾಲ್ಟಿ ಹಾಕಿದ. 1-2.

ಈಗ ಕೂಡಿ ಕಳೆಯಿರಿ. ಗುವಾಹಟಿಯಲ್ಲಿ ಆ 1-0 ಉಳಿಸಿಕೊಂಡಿದ್ದರೆ, ಕೋಲ್ಕತ್ತದಲ್ಲಿ ಕುವೈತ್ ಜೊತೆ 0-0 ಆದ ಮೇಲೂ ನಮ್ಮದು 8 ಅಂಕ, ಕುವೈತ್‌ದು 4. ಬಾಕಿ ಇದ್ದಿದ್ದು ಒಂದೇ ಪಂದ್ಯ. ದೋಹಾದಲ್ಲಿ ಎಷ್ಟೇ ಗೋಲಿನಿಂದ ಸೋತಿದ್ದರೂ ನಾವೇ ಎರಡನೆಯವರು, ರೆಫ್ರಿ ಏನು ಕೊಟ್ಟರೂ ನಗುತ್ತಾ ವಿಮಾನ ಹತ್ತಬಹುದಿತ್ತು. ಅದಾಗಲಿಲ್ಲ. ಕೊನೆಗೆ ಕತಾರ್ 16, ಕುವೈತ್ 7, ನಾವು 5, ಅಫ್ಘಾನಿಸ್ತಾನವೂ 5. ಆರು ಪಂದ್ಯದಲ್ಲಿ ನಾವು ಹೊಡೆದಿದ್ದು ಮೂರೇ ಗೋಲು, ಅದರಲ್ಲೊಂದು ಪೆನಾಲ್ಟಿ!

ಕೋಲ್ಕತ್ತದ ಪಂದ್ಯದ ಬಗ್ಗೆ ಒಂದು ಮಾತು, ಬೈಯೋರು ಬೈಯಲಿ. ಚೆಟ್ರಿ ವಿದಾಯ ಅಂತ ಇಡೀ ದೇಶ ಕಣ್ಣೀರು ಹಾಕುತ್ತಿತ್ತು, ನಾನೂ ಹಾಕಿದೆ. ಆದರೆ ಗೆಲ್ಲಲೇಬೇಕಿದ್ದ ಪಂದ್ಯವನ್ನು ಬೀಳ್ಕೊಡುಗೆ ಸಮಾರಂಭ ಮಾಡಿಬಿಟ್ಟೆವು.

ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ಚುರುಕಿದೆ. ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಕೋಚ್ ಆಗಿ ನಿಂತಿದ್ದವರು ಆಶ್ಲಿ ವೆಸ್ಟ್‌ವುಡ್. ಬೆಂಗಳೂರು ಎಫ್‌ಸಿಯ ಮೊದಲ ಕೋಚ್, ಎರಡು ಸಲ ಐ-ಲೀಗ್ ಗೆದ್ದುಕೊಟ್ಟವರು, ಚೆಟ್ರಿಯನ್ನು ಹತ್ತಿರದಿಂದ ಬಲ್ಲವರು. ಆಮೇಲೆ ಅವರು ಹಾಂಗ್‌ಕಾಂಗ್ ತಂಡಕ್ಕೆ ಹೋದರು. ಏಷ್ಯಾ ಕಪ್ ನೇರ ಟಿಕೆಟ್ ಕಳೆದುಕೊಂಡ ನಾವು ಮತ್ತೆ ಅರ್ಹತಾ ಗುಂಪಿಗೆ ಬಿದ್ದೆವಲ್ಲ, ಅಲ್ಲಿ ಅದೇ ಹಾಂಗ್‌ಕಾಂಗ್! 2025ರ ಜೂನ್ 10ರಂದು ಇಂಜುರಿ ಟೈಮ್ ಪೆನಾಲ್ಟಿಯಲ್ಲಿ 1-0ಕ್ಕೆ ಸೋತೆವು. ಎರಡು ಅರ್ಹತಾ ಗುಂಪು, ಎದುರು ಬೆಂಚಿನಲ್ಲಿ ಒಬ್ಬನೇ ಮನುಷ್ಯ, ಎರಡು ಸಲವೂ ಕೊನೇ ಗಳಿಗೆಯ ಪೆನಾಲ್ಟಿ. ಅಲ್ಲಿ ಯಾವ ಕೊರಿಯಾದ ರೆಫ್ರಿಯನ್ನು ಬೈಯೋಣ?

ಆ ಗುಂಪಿನ ಉಳಿದ ಕಥೆಯೂ ಅಷ್ಟೇ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಜೊತೆ 0-0. ಸಿಂಗಪುರದಲ್ಲಿ 1-1. ಗೋವಾದಲ್ಲಿ ಚಾಂಗ್ಟೆ ಗೋಲಿನಿಂದ ಮುಂದಿದ್ದೂ ಅದೇ ಸಿಂಗಪುರಕ್ಕೆ 1-2ಕ್ಕೆ ಸೋತು ಹೊರಬಿದ್ದೆವು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ 22 ವರ್ಷಗಳ ನಂತರ ನಮ್ಮನ್ನು ಸೋಲಿಸಿತು. ಮೊದಲ ಐದು ಪಂದ್ಯದಲ್ಲಿ ಒಂದೂ ಗೆಲುವಿಲ್ಲ.

ನಮ್ಮ ಕೋಚ್ ಸ್ಟಿಮ್ಯಾಚ್ ಅವರನ್ನು ದೋಹಾ ಪಂದ್ಯ ಮುಗಿದ ವಾರದೊಳಗೆ ತೆಗೆದರು. ಮಾರ್ಕೆಜ್ ಬಂದರು, ಹೋದರು. ಖಾಲಿದ್ ಜಮೀಲ್ ಬಂದರು. ಕೋಚ್ ಬದಲಾಯಿಸಿದರೆ ಗೋಲು ಹೊಡೆಯುವವನು ಹುಟ್ಟುತ್ತಾನಾ? ನಮ್ಮ ಕ್ಲಬ್‌ಗಳಲ್ಲಿ ಗೋಲು ಹೊಡೆಯೋ ಒಂಬತ್ತನೇ ನಂಬರಿನ ಜಾಗ ಹೆಚ್ಚಾಗಿ ಹೊರದೇಶದವರದ್ದು. ನಮ್ಮ ಹುಡುಗನನ್ನು ಮೈದಾನದ ಅಂಚಿಗೆ ತಳ್ಳುತ್ತಾರೆ, ಇಲ್ಲ ಬೆಂಚಿಗೆ. 2024-25ರಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರು? 40 ವರ್ಷದ ಚೆಟ್ರಿ, 14 ಗೋಲು. ಅದಕ್ಕೇ ಕಣ್ಣೀರಿಟ್ಟು ಕಳಿಸಿಕೊಟ್ಟವರನ್ನೇ 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡೆವು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿದುಕೊಳ್ಳುವ ನಮಗೆ ಅದು ಹೆಮ್ಮೆ, ಸರಿ. ಫೆಡರೇಷನ್‌ಗೆ ಅದು ನಾಚಿಕೆ ಆಗಬೇಕಿತ್ತು.