ಇಂಗ್ಲೆಂಡಿನಲ್ಲಿ ಆರೈಕೆ ವೆಚ್ಚಕ್ಕೆ 86,000 ಪೌಂಡ್ ಮಿತಿ ಇಲ್ಲ: ಸ್ಪಷ್ಟನೆ

ಕೋವಿಡ್ ನಂತರದ ಸುಧಾರಣೆಯಿಂದಾಗಿ ಇಂಗ್ಲೆಂಡಿನ ವೃದ್ಧರು ಜೀವಮಾನದಲ್ಲಿ 86,000 ಪೌಂಡ್‌ಗಿಂತ ಹೆಚ್ಚು ಆರೈಕೆ ವೆಚ್ಚ ಭರಿಸಬೇಕಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಈ ಮಿತಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಘೋಷಿಸಿದ್ದು ನಿಜ. ಆದರೆ 2023ರ ಅಕ್ಟೋಬರ್‌ನಲ್ಲಿ ಜಾರಿಯಾಗಬೇಕಿದ್ದ ಅದನ್ನು ಮೊದಲು 2025ಕ್ಕೆ ಮುಂದೂಡಲಾಯಿತು. 2024ರ ಜುಲೈನಲ್ಲಿ ಹೊಸ ಸರ್ಕಾರದ ಹಣಕಾಸು ಸಚಿವೆ ರೇಚಲ್ ರೀವ್ಸ್ ಯೋಜನೆಯನ್ನೇ ಕೈಬಿಟ್ಟರು. ಇದಕ್ಕೆ ಹಣ ಹೊಂದಿಸಲೆಂದು, ದುಡಿಯುವವರು ಮತ್ತು ಉದ್ಯೋಗದಾತರು ಕಟ್ಟುವ ರಾಷ್ಟ್ರೀಯ ವಿಮಾ ವಂತಿಗೆಯನ್ನು 2022ರ ಏಪ್ರಿಲ್‌ನಲ್ಲಿ ಶೇಕಡಾ 1.25 ಅಂಶ ಏರಿಸಲಾಗಿತ್ತು; ಆ ಏರಿಕೆಯನ್ನೂ ಅದೇ ವರ್ಷದ ನವೆಂಬರ್‌ನಲ್ಲಿ ಹಿಂದಕ್ಕೆ ಪಡೆಯಲಾಗಿತ್ತು. ಹಣದ ಮೂಲವೇ ಹೋದ ಮೇಲೆ ಯೋಜನೆ ಉಳಿಯುವುದು ಕಷ್ಟವೇ ಇತ್ತು.

ಆ ಯೋಜನೆ ಜಾರಿಯಾಗಿದ್ದರೂ ಆರೈಕೆ ಗೃಹದ ಊಟ, ವಸತಿಯ ಖರ್ಚು ಮಿತಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ ಎಂಬುದನ್ನು ಸಂದೇಶ ಹಂಚುವವರು ಹೇಳುವುದೇ ಇಲ್ಲ.

ಈಗಲೂ ನಡೆಯುತ್ತಿರುವುದು ಹಳೆಯ ಲೆಕ್ಕಾಚಾರವೇ. 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ, ಉಳಿತಾಯ ಇರುವವರು ಸಾಮಾನ್ಯವಾಗಿ ಪೂರ್ತಿ ವೆಚ್ಚವನ್ನು ತಾವೇ ಭರಿಸಬೇಕು. ಒಂಟಿಯಾಗಿರುವ ತಾಯಿ ಶಾಶ್ವತವಾಗಿ ಆರೈಕೆ ಗೃಹ ಸೇರಿದರೆ, ಮೊದಲ 12 ವಾರಗಳ ವಿನಾಯಿತಿಯ ನಂತರ ಅವರ ಸ್ವಂತ ಮನೆಯ ಮೌಲ್ಯವೂ ಈ ಲೆಕ್ಕಕ್ಕೆ ಸೇರಬಹುದು. ಆದರೆ ತಾಯಿ ಒಂಟಿಯಾಗಿರದೆ, ಪತಿ ಅದೇ ಮನೆಯಲ್ಲಿ ವಾಸವಿದ್ದರೆ ಅದು ಸೇರುವುದಿಲ್ಲ. ಆಸ್ಪತ್ರೆಯ ಚಿಕಿತ್ಸೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಉಚಿತವಾದ್ದರಿಂದ ಸ್ನಾನ ಮಾಡಿಸುವ, ಉಣಿಸುವ ಆರೈಕೆಯೂ ಉಚಿತವೆಂದು ಹಲವರು ಭಾವಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇಂಥ ವೈಯಕ್ತಿಕ ಆರೈಕೆ 2002ರಿಂದಲೇ ಉಚಿತ, ಇಂಗ್ಲೆಂಡಿನಲ್ಲಿ ಹಾಗಿಲ್ಲ.

ಸುಧಾರಣೆಯ ಆಸೆ ಪೂರ್ತಿ ಕಮರಿಲ್ಲ. 2025ರ ಜನವರಿಯಲ್ಲಿ ಆರೈಕೆ ವ್ಯವಸ್ಥೆಯ ಸುಧಾರಣೆಗಾಗಿ ಲೂಯಿಸ್ ಕೇಸಿ ನೇತೃತ್ವದ ಆಯೋಗವನ್ನು ಘೋಷಿಸಲಾಗಿದ್ದು, ಅಂತಿಮ ವರದಿಗೆ 2028ರ ಗಡುವಿದೆ.